ಬಾಡಿಗೆ ಮನೆ ಬ್ಯಾಂಕ್ ಹರಾಜಿಗೆ ಬಂದರೆ ಬಾಡಿಗೆದಾರರು ಮರುದಿನವೇ ಖಾಲಿ ಮಾಡಬೇಕೇ? ಫಾರ್ವರ್ಡ್‌ಗಳು ಹೇಳುವುದೇನು, ಕಾನೂನು ಹೇಳುವುದೇನು

ತಿಂಗಳು ತಪ್ಪದೆ ಬಾಡಿಗೆ ಕಟ್ಟಿದ್ದೀರಿ. ಓನರ್ ಜೊತೆ ಜಗಳವಿಲ್ಲ. ಒಂದು ದಿನ ಕೆಲಸ ಮುಗಿಸಿ ಬಂದು ನೋಡಿದರೆ ಬಾಗಿಲಿಗೆ ಬ್ಯಾಂಕಿನ ನೋಟಿಸ್ ಅಂಟಿಸಿದ್ದಾರೆ. ಸಾಲ ಮಾಡಿದವರು ಓನರ್, ಕಂತು ಕಟ್ಟದವರೂ ಅವರೇ. ಆದರೆ ಮನೆ ಬಿಡಬೇಕಾದ ಪರಿಸ್ಥಿತಿ ಮಾತ್ರ ನಿಮ್ಮದು.

ರಾಯಚೂರು ನಗರವಿರಲಿ, ದೇವದುರ್ಗ, ಮಾನ್ವಿ ಇರಲಿ, ನೌಕರಿ, ಓದು, ವ್ಯಾಪಾರಕ್ಕೆಂದು ಬಂದು ಬಾಡಿಗೆ ಮನೆಯಲ್ಲಿರುವ ಕುಟುಂಬಗಳು ಸಾವಿರಾರು. ಇಂಥ ನೋಟಿಸ್ ಬಂದಾಗ ವಾಟ್ಸಾಪ್ ಗುಂಪುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಸಲಹೆ ಸಿಗುತ್ತವೆ:

- "ಬ್ಯಾಂಕ್ ಸೀಲ್ ಹಾಕಿದರೆ ಬಾಡಿಗೆದಾರರಿಗೆ ಯಾವ ಹಕ್ಕೂ ಇಲ್ಲ, ಕೂಡಲೇ ಖಾಲಿ ಮಾಡಿ."
- "ಅಗ್ರಿಮೆಂಟ್ ಇದ್ದರೆ ಬ್ಯಾಂಕ್‌ನವರು ನಿಮ್ಮನ್ನು ಮುಟ್ಟುವ ಹಾಗಿಲ್ಲ."
- "ಹರಾಜಾದರೂ ಬಾಡಿಗೆದಾರರಿಗೆ 90 ದಿನ ಟೈಮ್ ಕೊಡಲೇಬೇಕು."
- "ಕೋರ್ಟಿನಿಂದ ಸ್ಟೇ ತಂದರೆ ಸಾಕು, ಎಲ್ಲ ನಿಂತುಹೋಗುತ್ತದೆ."

ನಾಲ್ಕನ್ನೂ ಇದ್ದ ಹಾಗೆಯೇ ನಂಬಿದರೆ ನಷ್ಟ ನಿಮಗೆ. ಯಾವುದು ಎಷ್ಟು ನಿಜ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಚಿಕ್ಕ ಉತ್ತರ

ಬಾಡಿಗೆದಾರರಿಗೆ ಹಕ್ಕು ಇದೆ, ಆದರೆ ಎಲ್ಲರಿಗೂ ಒಂದೇ ಅಳತೆಯ ಹಕ್ಕಲ್ಲ. ಮೂರು ದಿನಾಂಕಗಳು ಅದನ್ನು ನಿರ್ಧರಿಸುತ್ತವೆ:

1. ಓನರ್ ಮನೆಯನ್ನು ಬ್ಯಾಂಕಿಗೆ ಅಡಮಾನ ಇಟ್ಟ ದಿನ.
2. ನೀವು ಬಾಡಿಗೆಗೆ ಬಂದ ದಿನ.
3. ಬ್ಯಾಂಕ್ ಓನರ್‌ಗೆ ಸಾಲ ತೀರಿಸುವಂತೆ ಬೇಡಿಕೆ ನೋಟಿಸ್ ಕೊಟ್ಟ ದಿನ.

ಇವುಗಳ ಜೊತೆ ನಾಲ್ಕನೆಯ ಪ್ರಶ್ನೆಯೂ ಇದೆ: ನಿಮ್ಮ ಬಾಡಿಗೆ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದೆಯೇ, ಇಲ್ಲವೇ?

ಬ್ಯಾಂಕ್ ಯಾವ ಕಾನೂನಿನಡಿ ಮನೆ ಹರಾಜು ಹಾಕುತ್ತದೆ?

ಹೆಚ್ಚಿನ ಪ್ರಕರಣಗಳಲ್ಲಿ 2002ರ ಸರ್ಫೇಸಿ ಕಾಯ್ದೆಯಡಿ. ಚಿಕ್ಕಮಗಳೂರು, ಕೊಡಗು, ಹಾಸನದ ಕಾಫಿ ಬೆಳೆಗಾರರ ತೋಟಗಳ ಹರಾಜಿನ ಸುದ್ದಿಯಲ್ಲಿ ಈ ಹೆಸರನ್ನು ನೀವು ಕೇಳಿರಬಹುದು. ಕೋರ್ಟಿನಲ್ಲಿ ದಾವೆ ಹೂಡದೆಯೇ ಅಡಮಾನದ ಆಸ್ತಿಯನ್ನು ವಶಕ್ಕೆ ಪಡೆದು ಮಾರುವ ಅಧಿಕಾರವನ್ನು ಈ ಕಾಯ್ದೆ ಬ್ಯಾಂಕಿಗೆ ಕೊಡುತ್ತದೆ. ಸಹಕಾರಿ ಬ್ಯಾಂಕುಗಳೂ ಇದನ್ನು ಬಳಸಬಹುದೆಂದು ಸುಪ್ರೀಂ ಕೋರ್ಟ್ 2020ರ ಮೇ ತಿಂಗಳಲ್ಲಿ ಹೇಳಿದೆ. ಬ್ಯಾಂಕಲ್ಲದ ಫೈನಾನ್ಸ್ ಕಂಪನಿಗಳ ಪೈಕಿ 100 ಕೋಟಿ ರೂಪಾಯಿ ಮತ್ತು ಅದಕ್ಕೂ ಹೆಚ್ಚು ಆಸ್ತಿ ಇರುವಂಥವು 20 ಲಕ್ಷ ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ಸಾಲಗಳಿಗೆ ಇದನ್ನು ಬಳಸಬಹುದು. ಕೃಷಿ ಭೂಮಿಯ ಮೇಲಿನ ಅಡಮಾನಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಪ್ರಕ್ರಿಯೆ ಸಾಗುವುದು ಹೀಗೆ:

- ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ವಸೂಲಾಗದ ಸಾಲ, ಅಂದರೆ ಎನ್‌ಪಿಎ ಆಗುತ್ತದೆ.
- ಬ್ಯಾಂಕ್ ಸೆಕ್ಷನ್ 13(2)ರಡಿ ಸಾಲಗಾರರಿಗೆ ಬೇಡಿಕೆ ನೋಟಿಸ್ ಕೊಡುತ್ತದೆ. ಹಣ ಕಟ್ಟಲು 60 ದಿನ ಅವಕಾಶ. ಸಾಲಗಾರರು ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕ್ 15 ದಿನದೊಳಗೆ ಉತ್ತರಿಸಬೇಕು.
- ಹಣ ಬಾರದಿದ್ದರೆ ಸೆಕ್ಷನ್ 13(4)ರಡಿ ಸ್ವಾಧೀನ. ಮೊದಲು ಬರುವುದು ಹೆಚ್ಚಾಗಿ ಸಾಂಕೇತಿಕ ಸ್ವಾಧೀನ: ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ, 7 ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು.
- ಮೊದಲ ಸಲದ ಹರಾಜಿಗೆ 30 ದಿನಗಳ ಸೂಚನೆ ಬೇಕು. ಅದು ವಿಫಲವಾಗಿ ಮತ್ತೆ ಹರಾಜಿಟ್ಟರೆ 15 ದಿನ ಸಾಕು.
- ಮನೆಯಲ್ಲಿರುವವರು ಬಿಟ್ಟುಕೊಡದಿದ್ದರೆ ಸೆಕ್ಷನ್ 14ರಡಿ ಬ್ಯಾಂಕ್ ಜಿಲ್ಲಾಧಿಕಾರಿಗೆ (ಜಿಲ್ಲಾ ಮ್ಯಾಜಿಸ್ಟ್ರೇಟ್) ಅಥವಾ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕುತ್ತದೆ. ಅವರ ಆದೇಶದ ಮೇಲೆ ಅಧೀನ ಅಧಿಕಾರಿ ಪೊಲೀಸ್ ನೆರವಿನೊಂದಿಗೆ ಬಂದು ಮನೆಯನ್ನು ಭೌತಿಕವಾಗಿ ವಶಕ್ಕೆ ಪಡೆಯುತ್ತಾರೆ.

ಬಾಡಿಗೆದಾರರಿಗೆ ತೊಂದರೆ ಇರುವುದೇ ಇಲ್ಲಿ. 60 ದಿನದ ಬೇಡಿಕೆ ನೋಟಿಸ್ ಹೋಗುವುದು ಸಾಲಗಾರರ ಹೆಸರಿಗೆ, ನಿಮಗಲ್ಲ. ಓನರ್ ಹೇಳದೇ ಇದ್ದರೆ ಬಾಗಿಲಿಗೆ ಕಾಗದ ಅಂಟಿಸುವವರೆಗೂ ನಿಮಗೆ ವಿಷಯವೇ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಅರ್ಧ ದಾರಿ ಸಾಗಿರುತ್ತದೆ.

"ಬಾಡಿಗೆದಾರರಿಗೆ ಯಾವ ಹಕ್ಕೂ ಇಲ್ಲ" – ಇದು ತಪ್ಪು

ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಹಲವು ಬಾರಿ ಬಂದಿದೆ. 2014ರ ಹರ್ಷದ್ ಗೋವರ್ಧನ್ ಸೊಂಡಾಗರ್ ಪ್ರಕರಣದಲ್ಲಿ, ಅಡಮಾನಕ್ಕೂ ಮುಂಚೆ ಕಾನೂನುಬದ್ಧವಾಗಿ ಬಂದ ಬಾಡಿಗೆದಾರರನ್ನು ಕರಾರಿನ ಅವಧಿ ಮುಗಿಯುವ ಮೊದಲು ಬ್ಯಾಂಕ್ ಸುಮ್ಮನೆ ಹೊರಹಾಕುವಂತಿಲ್ಲ ಎಂದು ಕೋರ್ಟ್ ಹೇಳಿತು. 2016ರ ವಿಶಾಲ್ ಕಲ್ಸಾರಿಯಾ ಪ್ರಕರಣದಲ್ಲಿ, ರಾಜ್ಯದ ಬಾಡಿಗೆ ನಿಯಂತ್ರಣ ಕಾಯ್ದೆಯ ರಕ್ಷಣೆ ಇರುವವರನ್ನು ಸರ್ಫೇಸಿ ತೋರಿಸಿ ಎಬ್ಬಿಸಲಾಗದು ಎಂದಿತು.

ಅದೇ 2016ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ಸೆಕ್ಷನ್ 17(4ಎ) ಸೇರಿಸಿತು. ಇದರಿಂದ ಬಾಡಿಗೆದಾರರು ನೇರವಾಗಿ ಸಾಲ ವಸೂಲಾತಿ ನ್ಯಾಯಮಂಡಳಿಗೆ (ಡಿಆರ್‌ಟಿ) ಹೋಗಿ ತಮ್ಮ ಹಕ್ಕು ಕೇಳಬಹುದು. ಬ್ಯಾಂಕ್ ತಪ್ಪಾಗಿ ಹೊರಹಾಕಿದ್ದರೆ ಮನೆಯ ಸ್ವಾಧೀನವನ್ನು ವಾಪಸ್ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗೆ ಇದೆ.

ಒಂದು ಎಚ್ಚರಿಕೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ವ್ಯಾಪ್ತಿ ಕಿರಿದು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳು ಅದರಿಂದ ಹೊರಗೆ. ಇವತ್ತಿನ ಬಾಡಿಗೆ ದರದಲ್ಲಿ ಹೆಚ್ಚಿನವರಿಗೆ ಆ ರಕ್ಷಣೆ ಸಿಗದು. ಹಾಗಾಗಿ ನೋಡಬೇಕಾದದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆಯನ್ನು.

"ಅಗ್ರಿಮೆಂಟ್ ಇದ್ದರೆ ಮುಟ್ಟುವ ಹಾಗಿಲ್ಲ" – ಅರ್ಧ ನಿಜ

ಯಾವ ಅಗ್ರಿಮೆಂಟ್, ಯಾವಾಗ ಮಾಡಿದ್ದು ಎಂಬುದು ಮುಖ್ಯ. ಬಾಡಿಗೆದಾರರ ಹಕ್ಕು ಪರಿಶೀಲಿಸುವಾಗ ಡಿಆರ್‌ಟಿ ನಾಲ್ಕು ಪ್ರಶ್ನೆ ಕೇಳುತ್ತದೆ: ಬಾಡಿಗೆ ಅವಧಿ ಮುಗಿದಿದೆಯೇ? ಅದು ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 65ಎಗೆ ವಿರುದ್ಧವೇ? ಅಡಮಾನ ಪತ್ರದ ಷರತ್ತಿಗೆ ವಿರುದ್ಧವೇ? ಬೇಡಿಕೆ ನೋಟಿಸ್ ಬಂದ ಮೇಲೆ ಮಾಡಿಕೊಂಡದ್ದೇ? ಯಾವುದೇ ಒಂದಕ್ಕೆ "ಹೌದು" ಎಂಬ ಉತ್ತರ ಬಂದರೂ ಸೆಕ್ಷನ್ 17ರಡಿ ಪರಿಹಾರ ಸಿಗುವುದು ಕಷ್ಟ.

ಸೆಕ್ಷನ್ 65ಎ ಏನು ಹೇಳುತ್ತದೆ? ಅಡಮಾನ ಇಟ್ಟ ಮೇಲೂ ಮನೆ ತನ್ನ ಕೈಯಲ್ಲಿರುವವರೆಗೆ ಮಾಲೀಕ ಅದನ್ನು ಬಾಡಿಗೆಗೆ ಕೊಡಬಹುದು. ಆದರೆ ಅದಕ್ಕೆ ಮಿತಿಗಳಿವೆ. ಮಾರುಕಟ್ಟೆಯಲ್ಲಿ ಸಿಗುವ ಸರಿಯಾದ ಬಾಡಿಗೆಗೇ ಕೊಡಬೇಕು. ಪ್ರೀಮಿಯಂ ಅಂತ ಒಟ್ಟಿಗೆ ಹಣ ಪಡೆಯುವಂತಿಲ್ಲ, ಬಾಡಿಗೆಯನ್ನು ಮುಂಗಡವಾಗಿ ಪಡೆಯುವಂತಿಲ್ಲ. ನವೀಕರಣದ ಭರವಸೆ ಇರಬಾರದು. ಕಟ್ಟಡವಾದರೆ ಅವಧಿ 3 ವರ್ಷ ಮೀರಬಾರದು. ಅಡಮಾನ ಪತ್ರದಲ್ಲೇ "ಬ್ಯಾಂಕಿನ ಒಪ್ಪಿಗೆ ಇಲ್ಲದೆ ಬಾಡಿಗೆಗೆ ಕೊಡಬಾರದು" ಎಂದು ಬರೆದಿದ್ದರೆ ಈ ಅವಕಾಶವೂ ಇಲ್ಲ. ಗೃಹಸಾಲದ ಪತ್ರಗಳಲ್ಲಿ ಇಂಥ ಷರತ್ತು ಸಾಮಾನ್ಯ.

ಬೇಡಿಕೆ ನೋಟಿಸ್ ಸಿಕ್ಕ ಮೇಲಂತೂ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಓನರ್ ಮನೆಯನ್ನು ಯಾರಿಗೂ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ಸೆಕ್ಷನ್ 13(13) ಇದನ್ನು ನೇರವಾಗಿ ತಡೆಯುತ್ತದೆ.

ಇನ್ನು ನೋಂದಣಿಯ ವಿಷಯ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರು ನೋಂದಣಿಯಾಗಲೇಬೇಕು. 2019ರ ಬಜರಂಗ್ ಶ್ಯಾಮಸುಂದರ್ ಅಗರ್ವಾಲ್ ವಿರುದ್ಧ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಸ್ಪಷ್ಟಪಡಿಸಿತು: ಒಂದು ವರ್ಷ ಮೀರಿದ ಹಕ್ಕು ಕೇಳುವವರು ನೋಂದಾಯಿತ ಪತ್ರ ತೋರಿಸಬೇಕು. ಬಾಯಿಮಾತಿನ ಒಪ್ಪಂದ ನಂಬಿಕೊಂಡು ವರ್ಷಗಟ್ಟಲೆ ಉಳಿಯುವ ಹಕ್ಕು ಕೇಳಲಾಗದು.

100 ರೂಪಾಯಿ ಬಾಂಡ್ ಪೇಪರ್ ಮೇಲೆ ಬರೆಸಿ ನೋಟರಿ ಸೀಲ್ ಹಾಕಿಸಿದರೆ ಅದು ನೋಂದಣಿ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಸಹಿ ಮಾಡಿದವರು ಯಾರು ಎಂಬುದಕ್ಕೆ ನೋಟರಿ ಸಾಕ್ಷಿಯಷ್ಟೇ. ನೋಂದಣಿ ಎಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲಿ ದಾಖಲಾಗುವುದು.

ಮೂರು ಉದಾಹರಣೆ

ಇವು ಅರ್ಥವಾಗಲೆಂದು ನಾವು ಕಲ್ಪಿಸಿಕೊಂಡ ಪ್ರಸಂಗಗಳು.

*ರಾಯಚೂರು:* ಆಸ್ಪತ್ರೆಯ ನರ್ಸ್ ಒಬ್ಬರು 2021ರ ಜೂನ್‌ನಲ್ಲಿ 5 ವರ್ಷದ ಕರಾರು ನೋಂದಣಿ ಮಾಡಿಸಿ ಮನೆಗೆ ಬಂದರು. ಓನರ್ ಆ ಮನೆಯನ್ನು ಅಡಮಾನ ಇಟ್ಟದ್ದು 2023ರಲ್ಲಿ. 2025ರಲ್ಲಿ ಬ್ಯಾಂಕ್ ನೋಟಿಸ್ ಬಂತು. ಇವರ ಸ್ಥಿತಿ ಗಟ್ಟಿ. ಬಾಡಿಗೆ ಮೊದಲು, ಅಡಮಾನ ನಂತರ. ಕರಾರಿನ ಅವಧಿ ಮುಗಿಯುವವರೆಗೆ ಉಳಿಯುವ ಹಕ್ಕನ್ನು ಅವರು ಕೇಳಬಹುದು. ಹರಾಜಿನಲ್ಲಿ ಮನೆ ಕೊಂಡವರು ಹೊಸ ಓನರ್ ಆಗಿ ಬರುತ್ತಾರೆ, ಬಾಡಿಗೆ ಅವರಿಗೆ ಸಲ್ಲುತ್ತದೆ.

*ದೇವದುರ್ಗ:* ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಶಿಕ್ಷಕರೊಬ್ಬರು 2023ರ ಆಗಸ್ಟ್‌ನಲ್ಲಿ 11 ತಿಂಗಳ ಅಗ್ರಿಮೆಂಟ್ ಮಾಡಿಕೊಂಡರು. ಆಮೇಲೆ ಬಾಯಿಮಾತಿನಲ್ಲೇ ಮುಂದುವರಿದರು. ಮನೆ 2022ರಲ್ಲೇ ಅಡಮಾನವಾಗಿತ್ತು. ಇವರದ್ದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. ಕರಾರು ಇಲ್ಲದಾಗ ಅಂಥ ಬಾಡಿಗೆಯನ್ನು 15 ದಿನಗಳ ನೋಟಿಸ್ ಕೊಟ್ಟು ಕೊನೆಗಾಣಿಸಬಹುದು. ವರ್ಷಗಟ್ಟಲೆ ಉಳಿಯುವ ಹಕ್ಕು ಸಿಗದು. ಹಾಗೆಂದು ನಾಳೆ ಬೆಳಿಗ್ಗೆಯೇ ಬಿಡಬೇಕೆಂದೂ ಅಲ್ಲ. ಬ್ಯಾಂಕಿನ ಅಧಿಕಾರಿಗೆ ಲಿಖಿತವಾಗಿ ಬರೆದು, ಶಾಲಾ ಪರೀಕ್ಷೆ ಮುಗಿಯುವವರೆಗೆ ಸಮಯ ಕೇಳುವುದು ಇವರಿಗೆ ಸರಿಯಾದ ದಾರಿ.

*ಮಾನ್ವಿ:* ಅಂಗಡಿ ನಡೆಸುವ ಕುಟುಂಬವೊಂದು 5 ಲಕ್ಷ ರೂಪಾಯಿ ಒಟ್ಟಿಗೆ ಕೊಟ್ಟು 3 ವರ್ಷಕ್ಕೆ ಮನೆಯನ್ನು "ಲೀಸ್‌ಗೆ" ಹಾಕಿಕೊಂಡಿತು. ತಿಂಗಳ ಬಾಡಿಗೆ ಇಲ್ಲ. ಬಿಡುವಾಗ 5 ಲಕ್ಷ ವಾಪಸ್ ಎಂಬ ಮಾತು. ಬಾಂಡ್ ಪೇಪರ್ ಇದೆ, ನೋಂದಣಿ ಇಲ್ಲ. ಮನೆ ಮೊದಲೇ ಅಡಮಾನವಾಗಿತ್ತು. ಮೂವರಲ್ಲಿ ಹೆಚ್ಚು ಅಪಾಯದಲ್ಲಿರುವವರು ಇವರೇ.

ಲೀಸ್, ಭೋಗ್ಯದವರು ಇದನ್ನು ಎರಡು ಸಲ ಓದಿ

ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುವ ಪದ್ಧತಿ ಕರ್ನಾಟಕದಲ್ಲಿ ಹಳೆಯದು. ಒಂದು ಕಡೆ ಲೀಸ್ ಅಂದರೆ ಇನ್ನೊಂದು ಕಡೆ ಭೋಗ್ಯ ಅನ್ನುತ್ತಾರೆ. ತಿಂಗಳ ಬಾಡಿಗೆ ಉಳಿಯುತ್ತದೆ, ಹಣವೂ ವಾಪಸ್ ಬರುತ್ತದೆ ಎಂಬ ಲೆಕ್ಕಾಚಾರದಲ್ಲಿ ಚಿನ್ನ ಅಡವಿಟ್ಟು, ಕೈಸಾಲ ಮಾಡಿ ಕೊಡುವವರಿದ್ದಾರೆ. ಓನರ್ ದೃಷ್ಟಿಯಲ್ಲಿ ಅದು ಬಡ್ಡಿಯಿಲ್ಲದ ಸಾಲ. ಹಣದ ಮುಗ್ಗಟ್ಟಿನಲ್ಲಿರುವ ಓನರ್‌ಗೆ ಇದು ಬಹಳ ಅನುಕೂಲ ಎಂಬುದನ್ನು ಮರೆಯಬೇಡಿ.

ಕಾನೂನಿನ ದೃಷ್ಟಿಯಲ್ಲಿ ಇದಕ್ಕೆ ಎರಡು ಕಡೆಯಿಂದ ಪೆಟ್ಟು. ಅಡಮಾನದ ನಂತರ ಮಾಡಿಕೊಂಡದ್ದಾದರೆ, ಪ್ರೀಮಿಯಂ ಮತ್ತು ಮುಂಗಡ ಬಾಡಿಗೆ ಕೂಡದೆನ್ನುವ ಸೆಕ್ಷನ್ 65ಎ ಅಡ್ಡ ಬರುತ್ತದೆ. ಭೋಗ್ಯ ಎಂದು ವಾದಿಸಿದರೆ ಅದೂ ಒಂದು ಬಗೆಯ ಅಡಮಾನವೇ, 100 ರೂಪಾಯಿ ಮತ್ತು ಮೇಲ್ಪಟ್ಟ ಮೊತ್ತಕ್ಕೆ ನೋಂದಣಿ ಕಡ್ಡಾಯ. ಅಡಮಾನ ಮೊದಲು ಮಾಡಿಕೊಂಡ ಬ್ಯಾಂಕಿನ ಹಕ್ಕೇ ಮುಂದೆ.

ಹಾಗಾದರೆ ಕೊಟ್ಟ ಹಣ ಏನಾಗುತ್ತದೆ? ಹಣ ಪಡೆದವರು ಓನರ್. ಆದ್ದರಿಂದ ವಾಪಸ್ ಕೇಳಬೇಕಾದದ್ದು ಮೊದಲು ಓನರ್‌ನ್ನೇ. "ನಾವು ನಿಮ್ಮಿಂದ ಹಣ ಪಡೆದಿಲ್ಲ" ಎಂಬುದು ಬ್ಯಾಂಕಿನ ಮತ್ತು ಹರಾಜಿನಲ್ಲಿ ಕೊಂಡವರ ಉತ್ತರವಾಗಿರುತ್ತದೆ. ನಿಮ್ಮ ಮುಂದಿರುವ ದಾರಿಗಳು:

- ಓನರ್‌ಗೆ ವಕೀಲರ ಮೂಲಕ ನೋಟಿಸ್ ಕೊಟ್ಟು, ಸಿವಿಲ್ ಕೋರ್ಟಿನಲ್ಲಿ ಹಣ ವಸೂಲಿ ದಾವೆ ಹೂಡುವುದು. ಸಾಮಾನ್ಯವಾಗಿ ಕಾಲಮಿತಿ 3 ವರ್ಷ.
- ಸಾಲ ತೀರಿದ ಮೇಲೆ ಹರಾಜಿನ ಹಣ ಉಳಿದರೆ ಬ್ಯಾಂಕ್ ಅದನ್ನು ಹಕ್ಕುಳ್ಳವರಿಗೆ, ಅಂದರೆ ಸಾಮಾನ್ಯವಾಗಿ ಓನರ್‌ಗೆ ಕೊಡುತ್ತದೆ. ದಾವೆಯ ಜೊತೆಗೆ ಆ ಉಳಿಕೆ ಹಣವನ್ನು ತೀರ್ಪಿಗೆ ಮೊದಲೇ ಜಪ್ತಿ ಮಾಡುವಂತೆ ಕೋರ್ಟನ್ನು ಕೇಳಬಹುದು. ತಡ ಮಾಡಿದರೆ ಹಣ ಓನರ್ ಕೈ ಸೇರಿರುತ್ತದೆ.
- ಮನೆ ಹರಾಜಿಗೆ ಬಂದಿರುವುದನ್ನು ಮುಚ್ಚಿಟ್ಟು ಮೋಸದಿಂದ ಹಣ ಪಡೆದಿದ್ದರೆ ಪೊಲೀಸ್ ದೂರು. ವಂಚನೆ ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318ರಡಿ ಬರುತ್ತದೆ. ಓನರ್‌ಗೆ ಬೇಡಿಕೆ ನೋಟಿಸ್ ಬಂದ ದಿನಾಂಕ ಮತ್ತು ನೀವು ಹಣ ಕೊಟ್ಟ ದಿನಾಂಕ ಇಲ್ಲಿ ಮುಖ್ಯ ಸಾಕ್ಷಿ.

"90 ದಿನ ಟೈಮ್ ಕೊಡಲೇಬೇಕು" – ಅದು ಅಮೆರಿಕದ ಕಾನೂನು

ಈ ಮಾತಿಗೆ ಒಂದು ಮೂಲವಿದೆ, ಆದರೆ ಅದು ನಮ್ಮ ದೇಶದ್ದಲ್ಲ. 2008ರ ಸುಮಾರಿಗೆ ಅಮೆರಿಕದಲ್ಲಿ ಗೃಹಸಾಲಗಳು ಕುಸಿದು ಲಕ್ಷಾಂತರ ಮನೆಗಳು ಬ್ಯಾಂಕಿನ ಪಾಲಾದವು. ತಪ್ಪಿಲ್ಲದ ಬಾಡಿಗೆದಾರರು ಬೀದಿಗೆ ಬಿದ್ದಾಗ ಅಲ್ಲಿನ ಸಂಸತ್ತು 2009ರ ಮೇ ತಿಂಗಳಲ್ಲಿ ಒಂದು ಕಾನೂನು ಮಾಡಿತು. ನಿಜವಾದ ಬಾಡಿಗೆದಾರರಿಗೆ ಕನಿಷ್ಠ 90 ದಿನ ನೋಟಿಸ್ ಕೊಡಬೇಕು, ಕರಾರು ಇದ್ದರೆ ಸಾಮಾನ್ಯವಾಗಿ ಅದರ ಅವಧಿ ಮುಗಿಯುವವರೆಗೆ ಇರಲು ಬಿಡಬೇಕು ಎಂಬುದು ಅದರ ಸಾರ. 2014ರ ಕೊನೆಗೆ ಅದರ ಅವಧಿ ಮುಗಿದಿತ್ತು, 2018ರಲ್ಲಿ ಅದನ್ನು ಮತ್ತೆ ತಂದು ಕಾಯಂಗೊಳಿಸಿದರು.

ಭಾರತದ ಸರ್ಫೇಸಿ ಕಾಯ್ದೆಯಲ್ಲಿ ಬಾಡಿಗೆದಾರರಿಗೆ ಇಂಥ 90 ದಿನಗಳ ನಿಯಮ ಇಲ್ಲ. ಇಲ್ಲಿ 90 ದಿನ ಎಂಬ ಲೆಕ್ಕ ಬರುವುದು ಸಾಲ ಎನ್‌ಪಿಎ ಆಗುವುದಕ್ಕೆ. ಎರಡನ್ನೂ ಬೆರೆಸಿ "ಮೂರು ತಿಂಗಳು ಯಾರೂ ಬರುವುದಿಲ್ಲ" ಎಂದು ಸುಮ್ಮನೆ ಕುಳಿತರೆ, ನಿಮಗೆ ನಿಜವಾಗಿ ಇರುವ 45 ದಿನಗಳ ಅವಕಾಶವೂ ಕೈತಪ್ಪುತ್ತದೆ.

"ಸ್ಟೇ ತಂದರೆ ಸಾಕು" – ಯಾವ ಕೋರ್ಟಿನಿಂದ?

ಸರ್ಫೇಸಿ ಕ್ರಮಗಳ ವಿಷಯದಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರ ಇಲ್ಲವೆಂದು ಕಾಯ್ದೆಯ ಸೆಕ್ಷನ್ 34 ಹೇಳುತ್ತದೆ. ರಾಯಚೂರು, ಮಾನ್ವಿ, ದೇವದುರ್ಗದ ಸಿವಿಲ್ ಕೋರ್ಟಿನಿಂದ ಬ್ಯಾಂಕಿನ ಕ್ರಮಕ್ಕೆ ತಡೆಯಾಜ್ಞೆ ಕೊಡಿಸುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ಎಚ್ಚರ.

ಹೋಗಬೇಕಾದದ್ದು ಡಿಆರ್‌ಟಿಗೆ. ಬ್ಯಾಂಕ್ ಕ್ರಮ ಕೈಗೊಂಡ ದಿನದಿಂದ 45 ದಿನದೊಳಗೆ ಸೆಕ್ಷನ್ 17ರಡಿ ಅರ್ಜಿ ಹಾಕಬೇಕು. ಬಾಗಿಲಿಗೆ ನೋಟಿಸ್ ಅಂಟಿಸಿದ ದಿನದಿಂದಲೇ ದಿನ ಎಣಿಸುವುದು ಸುರಕ್ಷಿತ. ಕಷ್ಟವೆಂದರೆ ರಾಜ್ಯದ ಡಿಆರ್‌ಟಿ ಇರುವುದು ಬೆಂಗಳೂರಿನಲ್ಲಿ, ರಾಯಚೂರಿನಿಂದ ಸುಮಾರು 400 ಕಿ.ಮೀ. ದೂರ. ಅಲ್ಲಿನ ತೀರ್ಪಿಗೆ ಮೇಲ್ಮನವಿ ಹೋಗುವುದು ಚೆನ್ನೈನ ಮೇಲ್ಮನವಿ ನ್ಯಾಯಮಂಡಳಿಗೆ, 30 ದಿನದೊಳಗೆ. ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಸಲ್ಲಿಸುವ ವ್ಯವಸ್ಥೆ ಈಗ ಇದೆ. ಸಾಲಗಾರರಲ್ಲದ ಬಾಧಿತರಿಗೆ ಅರ್ಜಿ ಶುಲ್ಕವೂ ಕಡಿಮೆ.

ಜಿಲ್ಲಾಧಿಕಾರಿಗೆ ಮನವಿ ಕೊಡುವುದರಲ್ಲಿ ತಪ್ಪಿಲ್ಲ. "ಈ ಮನೆಯಲ್ಲಿ ಬಾಡಿಗೆದಾರರಿದ್ದಾರೆ" ಎಂಬುದು ಕಡತದಲ್ಲಿ ದಾಖಲಾಗುತ್ತದೆ. ಆದರೆ ಸೆಕ್ಷನ್ 14ರಡಿ ಅವರ ಕೆಲಸ ಮುಖ್ಯವಾಗಿ ಸ್ವಾಧೀನಕ್ಕೆ ನೆರವಾಗುವುದು. ಹಕ್ಕಿನ ತೀರ್ಮಾನ ಮಾಡುವುದು ಡಿಆರ್‌ಟಿ.

ಇನ್ನೊಂದು ಮಾತು. ಎಲ್ಲ ಹರಾಜೂ ಸರ್ಫೇಸಿ ಹರಾಜಲ್ಲ. ಸಿವಿಲ್ ಕೋರ್ಟಿನ ಡಿಕ್ರಿ ಮೇಲೆ ನಡೆಯುವ ಹರಾಜಿನ ನಿಯಮ ಬೇರೆ. ಅಲ್ಲಿ ಹಕ್ಕುಳ್ಳ ಬಾಡಿಗೆದಾರರಿದ್ದರೆ ಕೊಂಡವರಿಗೆ ಸಾಂಕೇತಿಕ ಸ್ವಾಧೀನವನ್ನಷ್ಟೇ ಕೊಡುತ್ತಾರೆ. ಸಹಕಾರ ಸಂಘಗಳ ವಸೂಲಾತಿಗೂ ಬೇರೆ ಕಾಯ್ದೆ ಇದೆ. ಹಾಗಾಗಿ ನೋಟಿಸ್ ಯಾವ ಕಾಯ್ದೆಯಡಿ ಬಂದಿದೆ ಎಂಬುದನ್ನು ಮೊದಲು ಓದಿ.

ನೋಟಿಸ್ ಅಂಟಿಸಿದ ದಿನ ಏನು ಮಾಡಬೇಕು?

1. *ಫೋಟೋ ತೆಗೆಯಿರಿ, ಹರಿಯಬೇಡಿ.* ದಿನಾಂಕ, ಬ್ಯಾಂಕ್ ಶಾಖೆ, ಅಧಿಕೃತ ಅಧಿಕಾರಿಯ ಹೆಸರು, ಕಾಯ್ದೆಯ ಸೆಕ್ಷನ್ ಕಾಣುವಂತೆ ಇರಲಿ.

2. *ನಿಜವೇ ಎಂದು ಶಾಖೆಗೇ ಹೋಗಿ ವಿಚಾರಿಸಿ.* ನೋಟಿಸ್‌ನಲ್ಲಿರುವ ಫೋನ್ ನಂಬರನ್ನಷ್ಟೇ ನಂಬಬೇಡಿ. ಸರ್ಕಾರಿ ಬ್ಯಾಂಕುಗಳ ಹರಾಜು ಪಟ್ಟಿ ಬ್ಯಾಂಕ್‌ನೆಟ್ ಎಂಬ ಪೋರ್ಟಲ್‌ನಲ್ಲಿ ಸಿಗುತ್ತದೆ.

3. *ಬ್ಯಾಂಕಿಗೆ ಪತ್ರ ಬರೆಯಿರಿ.* ನೀವು ಯಾರು, ಯಾವ ದಿನದಿಂದ ಇದ್ದೀರಿ, ಬಾಡಿಗೆ ಎಷ್ಟು, ಡಿಪಾಜಿಟ್ ಎಷ್ಟು ಎಂದು ಬರೆದು ಅಗ್ರಿಮೆಂಟ್ ನಕಲು ಲಗತ್ತಿಸಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ಅಥವಾ ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ.

4. *ಯಾವಾಗಿನಿಂದ ಇದ್ದೀರಿ ಎಂಬುದಕ್ಕೆ ದಾಖಲೆ ಕೂಡಿಸಿ.* ಬಾಡಿಗೆ ಕಳಿಸಿದ ಫೋನ್‌ಪೇ, ಬ್ಯಾಂಕ್ ವಿವರ, ಜೆಸ್ಕಾಂ ಕರೆಂಟ್ ಬಿಲ್, ಗ್ಯಾಸ್ ಪುಸ್ತಕ, ಮಕ್ಕಳ ಶಾಲೆಯ ವಿಳಾಸ. 2023ರಲ್ಲಿ ಗೃಹಜ್ಯೋತಿಗೆ ಬಾಡಿಗೆದಾರರಾಗಿ ನಿಮ್ಮ ಆಧಾರ್ ಕೊಟ್ಟು ನೋಂದಾಯಿಸಿದ್ದರೆ ಅದೂ ನೀವು ಆಗ ಆ ಮನೆಯಲ್ಲಿದ್ದಿರಿ ಎಂಬುದಕ್ಕೆ ಪುರಾವೆ. ಬಾಡಿಗೆಯನ್ನು ನಗದಿನಲ್ಲೇ ಕೊಡುತ್ತ ಬಂದಿದ್ದರೆ ಇನ್ನು ಮುಂದೆಯಾದರೂ ಖಾತೆಯ ಮೂಲಕ ಕೊಡಿ.

5. *ಬಾಡಿಗೆ ನಿಲ್ಲಿಸಬೇಡಿ.* ನಿಲ್ಲಿಸಿದರೆ ನಿಮ್ಮ ಪಕ್ಷ ದುರ್ಬಲವಾಗುತ್ತದೆ. ಬಾಡಿಗೆ ತನಗೆ ಕೊಡಬೇಕೆಂದು ಬ್ಯಾಂಕ್ ಹೇಳಿದರೆ ಅದನ್ನು ಲಿಖಿತವಾಗಿ ಪಡೆದು, ಸಾಲದ ಖಾತೆಗೇ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಮನೆ ಕೈ ಬದಲಾದದ್ದು ತಿಳಿಯದೆ ಹಳೆಯ ಓನರ್‌ಗೆ ಪ್ರಾಮಾಣಿಕವಾಗಿ ಕೊಟ್ಟ ಬಾಡಿಗೆಯನ್ನು ಮತ್ತೊಮ್ಮೆ ಕೊಡಬೇಕಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 109 ಆ ರಕ್ಷಣೆ ಕೊಡುತ್ತದೆ.

6. *ಉಚಿತ ವಕೀಲರ ನೆರವು ಕೇಳಿ.* ರಾಯಚೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕು ಮಟ್ಟದಲ್ಲಿ ಕಾನೂನು ಸೇವೆಗಳ ಸಮಿತಿಗಳಿವೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಉಳಿದವರಿಗೆ ಆದಾಯ ಮಿತಿ ಇದೆ. ಸಹಾಯವಾಣಿ 15100.

7. *ಸಮಯ ಕೇಳಿ, ಬರವಣಿಗೆಯಲ್ಲಿ ಕೇಳಿ.* ಜಗಳವಿಲ್ಲದೆ ಮನೆ ಖಾಲಿಯಾಗುವುದು ಬ್ಯಾಂಕಿಗೂ ಕೊಂಡವರಿಗೂ ಬೇಕಾದದ್ದೇ. "ಇಂಥ ದಿನಾಂಕಕ್ಕೆ ಬಿಡುತ್ತೇವೆ, ಅಲ್ಲಿಯವರೆಗೆ ತೊಂದರೆ ಕೊಡಬಾರದು" ಎಂಬ ಲಿಖಿತ ಒಪ್ಪಂದಕ್ಕೆ ಅವರು ಒಪ್ಪಬಹುದು. ಹಕ್ಕು ದುರ್ಬಲವಾಗಿರುವವರಿಗೆ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮಾಡಬಾರದ್ದು

- ಬ್ಯಾಂಕ್ ಹಾಕಿದ ಬೀಗ ಅಥವಾ ಸೀಲ್ ಒಡೆಯಬೇಡಿ. ಕ್ರಿಮಿನಲ್ ಕೇಸ್ ಆಗುತ್ತದೆ.
- ಆದೇಶದೊಂದಿಗೆ ಬಂದ ಅಧಿಕಾರಿಗಳನ್ನು ತಡೆಯಬೇಡಿ. ಆದೇಶದ ಪ್ರತಿ ಕೇಳಿ.
- ನಿಮ್ಮ ಮಂಚ, ಫ್ರಿಜ್, ಪಾತ್ರೆ, ದಾಖಲೆಗಳು ಅಡಮಾನದ ಆಸ್ತಿಯಲ್ಲ. ಅವು ಒಳಗೇ ಉಳಿದರೆ ಪಂಚನಾಮೆಯಲ್ಲಿ ಪಟ್ಟಿ ಮಾಡಿಸಿ, ವಾಪಸ್ ಪಡೆಯುವ ದಿನ ಬರೆಸಿಕೊಳ್ಳಿ. ಚಿನ್ನ, ಅಂಕಪಟ್ಟಿ, ಔಷಧಿಗಳನ್ನು ಮೊದಲೇ ಬೇರೆ ಕಡೆ ಇಡಿ.
- ಹಿಂದಿನ ದಿನಾಂಕ ಹಾಕಿ ಹೊಸ ಅಗ್ರಿಮೆಂಟ್ ಮಾಡಿಕೊಡುತ್ತೇನೆಂದು ಓನರ್ ಹೇಳಿದರೆ ಒಪ್ಪಬೇಡಿ. ಬಾಂಡ್ ಪೇಪರ್ ಮೇಲಿನ ಖರೀದಿ ದಿನಾಂಕವೇ ನಿಮ್ಮನ್ನು ಸಿಕ್ಕಿಸುತ್ತದೆ. ನಿಜವಾದ ಹಕ್ಕೂ ಅದರ ಜೊತೆ ಹೋಗುತ್ತದೆ.
- "12 ವರ್ಷ ಇದ್ದರೆ ಮನೆ ನಿಮ್ಮದೇ" ಎಂಬ ಹಳೆಯ ಫಾರ್ವರ್ಡ್ ನಂಬಬೇಡಿ. ಓನರ್ ಒಪ್ಪಿಗೆಯಿಂದ ಬಾಡಿಗೆ ಕಟ್ಟಿ ಇರುವವರು ಪ್ರತಿಕೂಲ ಸ್ವಾಧೀನ ಕೇಳಲಾಗದು.

ಮನೆ ಹಿಡಿಯುವ ಮುಂಚೆ ಐದು ಪರೀಕ್ಷೆ

- ಕಾವೇರಿ 2.0 ಪೋರ್ಟಲ್‌ನಿಂದ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ ತೆಗೆಸಿ. ನೋಂದಣಿಯಾದ ಅಡಮಾನ ಅದರಲ್ಲಿ ಕಾಣುತ್ತದೆ.
- ಆಸ್ತಿಪತ್ರ ಬ್ಯಾಂಕಿನಲ್ಲಿ ಇಟ್ಟು ಮಾಡಿದ ಕೆಲವು ಸಾಲ ಇಸಿಯಲ್ಲಿ ಕಾಣದೆಯೂ ಇರಬಹುದು. ಅದಕ್ಕೆ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ಹುಡುಕಿ. 2011ರಿಂದ ಇರುವ ಈ ವ್ಯವಸ್ಥೆಯಲ್ಲಿ ಸಾರ್ವಜನಿಕರೂ ಶುಲ್ಕ ಕಟ್ಟಿ ನೋಡಬಹುದು. 2020ರ ಜನವರಿಯಿಂದ, ಅಲ್ಲಿ ನೋಂದಾಯಿಸದ ಅಡಮಾನಕ್ಕೆ ಬ್ಯಾಂಕ್ ಸರ್ಫೇಸಿ ಕ್ರಮ ಕೈಗೊಳ್ಳುವಂತಿಲ್ಲ.
- ಮೂಲ ಪತ್ರ ತೋರಿಸಿ ಎಂದು ಕೇಳಿ. ಜೆರಾಕ್ಸ್ ಮಾತ್ರ ತೋರಿಸಿದರೆ ಮೂಲ ಎಲ್ಲಿದೆ ಎಂದು ವಿಚಾರಿಸಿ.
- ಸಾಲ ಇದ್ದರೆ ಬಾಡಿಗೆಗೆ ಕೊಡಲು ಬ್ಯಾಂಕಿನ ಲಿಖಿತ ಒಪ್ಪಿಗೆ ಕೇಳಿ. ಮನೆ ಮೇಲೆ ಸಾಲ ಇರುವುದು ತಪ್ಪಲ್ಲ, ಮುಚ್ಚಿಡುವುದು ಅಪಾಯ.
- ಒಂದು ವರ್ಷಕ್ಕಿಂತ ಹೆಚ್ಚು ಇರುವ ಯೋಚನೆ ಇದ್ದರೆ ಕರಾರು ನೋಂದಣಿ ಮಾಡಿಸಿ. ದೊಡ್ಡ ಮೊತ್ತದ ಲೀಸ್‌ಗಿಂತ ಸಣ್ಣ ಡಿಪಾಜಿಟ್, ತಿಂಗಳ ಬಾಡಿಗೆ ಹೆಚ್ಚು ಸುರಕ್ಷಿತ.

ಒಟ್ಟಿನಲ್ಲಿ

| ಫಾರ್ವರ್ಡ್ ಹೇಳುವುದು | ನಿಜ ಏನು |
|---|---|
| ಬಾಡಿಗೆದಾರರಿಗೆ ಹಕ್ಕೇ ಇಲ್ಲ | ತಪ್ಪು. ಡಿಆರ್‌ಟಿಯಲ್ಲಿ ಹಕ್ಕು ಕೇಳಬಹುದು |
| ಅಗ್ರಿಮೆಂಟ್ ಇದ್ದರೆ ಮುಟ್ಟುವಂತಿಲ್ಲ | ಅರ್ಧ ನಿಜ. ಅಡಮಾನಕ್ಕೂ ಮುಂಚಿನದ್ದೇ, ನೋಂದಣಿ ಆಗಿದೆಯೇ ಎಂಬುದು ಮುಖ್ಯ |
| 90 ದಿನ ಕೊಡಲೇಬೇಕು | ತಪ್ಪು. ಅದು ಅಮೆರಿಕದ ನಿಯಮ |
| ಲೋಕಲ್ ಕೋರ್ಟಿನ ಸ್ಟೇ ಸಾಕು | ತಪ್ಪು. ಸರ್ಫೇಸಿ ಕ್ರಮಕ್ಕೆ ಡಿಆರ್‌ಟಿಗೇ ಹೋಗಬೇಕು, 45 ದಿನದೊಳಗೆ |
| ನೋಟರಿ ಮಾಡಿಸಿದರೆ ನೋಂದಣಿ ಆದಂತೆ | ತಪ್ಪು |

ಈ ಲೇಖನ ಸಾಮಾನ್ಯ ತಿಳಿವಳಿಕೆಗೆ. ನಿಮ್ಮ ಕಾಗದಪತ್ರ ನೋಡಿ ಸಲಹೆ ಕೊಡಬೇಕಾದವರು ವಕೀಲರು. ಗುಂಪುಗಳಿಗೆ ಕಳಿಸಲು ಚಿಕ್ಕ ಸಂದೇಶ ಬೇಕಿದ್ದರೆ ಇದನ್ನು ಕಾಪಿ ಮಾಡಿ:

*ಬಾಡಿಗೆ ಮನೆಗೆ ಬ್ಯಾಂಕ್ ನೋಟಿಸ್ ಅಂಟಿಸಿದ್ದಾರೆಯೇ? ಗಾಬರಿ ಬೇಡ, ಸುಮ್ಮನಿರುವುದೂ ಬೇಡ. ಫೋಟೋ ತೆಗೆಯಿರಿ. ಶಾಖೆಯಲ್ಲಿ ವಿಚಾರಿಸಿ. ಬಾಡಿಗೆದಾರರಿದ್ದೀರಿ ಎಂದು ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ. ಬಾಡಿಗೆ ನಿಲ್ಲಿಸಬೇಡಿ. ಡಿಆರ್‌ಟಿಗೆ ಹೋಗಲು 45 ದಿನ ಮಾತ್ರ. ಉಚಿತ ಕಾನೂನು ನೆರವಿಗೆ 15100.*